ಧ್ವಜದ ಗಂಟು: ಡಾ. ಹರ್ಡೀಕರರ ಸೇವಾದಳ ಮತ್ತು ನಾವು ಕಲಿತ ನಾಯಕತ್ವ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಕೇಳಿದಾಗ ನಾನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಿದ್ದೆ. "ನಾಯಕತ್ವದ ಮ್ಯಾಲ ಏನರ ಬರೀರಿ, ನೀವು ಶಾಲಾ ನಾಯಕ ಇದ್ರಲ್ಲ. ಈಗ ಕಂಪನ್ಯಾಗ ಟೀಮ್ ಲೀಡರೂ ಆಗೀರಿ. ಮಕ್ಕಳಿಗೆ ಸ್ಫೂರ್ತಿ ಬರತೈತಿ" ಎಂದರು. ಒಪ್ಪಿಕೊಂಡೆ. ಆದರೆ ರಾತ್ರಿ ಮನೆಗೆ ಬಂದು ಬರೆಯಲು ಕುಳಿತಾಗ, ಸ್ಫೂರ್ತಿ ಕೊಡುವಂಥದ್ದು ನನ್ನ ನಾಯಕತ್ವದಲ್ಲಿ ಏನಿತ್ತು ಎಂದು ಹುಡುಕುತ್ತ ಹೋದೆ. ನೆನಪಿಗೆ ಬಂದದ್ದು ಒಂದು ಬಿಚ್ಚದ ಗಂಟು ಮಾತ್ರ.

ಹೀಗಾಗಿ ಈ ಲೇಖನದಲ್ಲಿ ನನ್ನ ಕಥೆ ಸ್ವಲ್ಪವೇ ಇದೆ. ಹೆಚ್ಚಿನ ಭಾಗ ನಮ್ಮ ನಾಡಿನ ಒಬ್ಬ ಹಿರಿಯರದು. ನಮ್ಮ ಶಾಲೆ ಆರಂಭವಾದದ್ದು 1975ರಲ್ಲಿ. ಅದೇ ವರ್ಷದ ಆಗಸ್ಟ್ 26ರಂದು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ತೀರಿಕೊಂಡರು. ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಎಂಟನೇ ತರಗತಿಗೆ ಬಂದ ಕೂಡಲೇ ನಮ್ಮನ್ನು ಸಾಲಾಗಿ ನಿಲ್ಲಿಸಿ, ತಲೆಗೆ ಟೋಪಿ ಹಾಕಿಸಿ, 'ಸಾವಧಾನ್', 'ವಿಶ್ರಾಮ್' ಎಂದು ಕಲಿಸಿದರಲ್ಲ, ಆ ಭಾರತ ಸೇವಾದಳ ಅವರು ಕಟ್ಟಿದ್ದು. ಅವರು ಯಾರು, ಯಾಕೆ ಕಟ್ಟಿದರು ಎಂದು ಆಗ ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಿದ್ದು ಇಪ್ಪತ್ತು ವರ್ಷ ತಡವಾಗಿ.

ಬಿಚ್ಚದ ಗಂಟು

2004ರ ಆಗಸ್ಟ್ 15. ನಾನು ಹತ್ತನೇ ತರಗತಿ, ಶಾಲಾ ನಾಯಕ, ಸೇವಾದಳದ ಮುಂದಾಳು. ಹಿಂದಿನ ದಿನ ಪಿ.ಟಿ. ಸರ್ ಧ್ವಜವನ್ನು ಮಡಚುವುದು, ಒಳಗೆ ಹೂವಿನ ಪಕಳೆ ಇಡುವುದು, ಜಾರುಗಂಟು ಹಾಕುವುದು ಇಷ್ಟನ್ನೂ ನನಗೆ ಮೂರು ಸಲ ತೋರಿಸಿ, "ನಾಳೆ ಇದು ನಿನ್ನ ಕೆಲಸ" ಎಂದಿದ್ದರು. ನನಗೋ ಗಮನವೆಲ್ಲ ಕವಾಯತಿನ ಮೇಲೆ. ಊರಿನ ಹಿರಿಯರ ಮುಂದೆ ನಿಂತು ದೊಡ್ಡ ದನಿಯಲ್ಲಿ ಆಜ್ಞೆ ಕೊಡುವುದೇ ನಾಯಕನ ಕೆಲಸ ಎಂದು ನಂಬಿದ್ದೆ. ಗಂಟು ಕಟ್ಟುವುದು ಯಾರಿಗೂ ಕಾಣದ ಕೆಲಸ. ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕರೆದು, ಅವಸರದಲ್ಲಿ ಒಮ್ಮೆ ತೋರಿಸಿ, "ನೀ ಕಟ್ಟಿಬಿಡು" ಎಂದೆ. ಅವನು "ಆಯ್ತಣ್ಣಾ" ಎಂದು ಖುಷಿಯಿಂದಲೇ ಹೋದ.

ಬೆಳಿಗ್ಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರು ಹಗ್ಗ ಎಳೆದರು. ಧ್ವಜ ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಗಂಟು ಇನ್ನಷ್ಟು ಬಿಗಿಯಾಯಿತು. ಇಡೀ ಮೈದಾನ ಮೌನವಾಗಿ ಮೇಲೆ ನೋಡುತ್ತಿತ್ತು. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು. ನಾನು ಕೈ ಎತ್ತಿ ಆ ಹುಡುಗನನ್ನು ತೋರಿಸಿದೆ. "ಗಂಟು ಅವ ಕಟ್ಟ್ಯಾನ್ರಿ ಸರ್."

ಆಮೇಲೆ ಧ್ವಜವನ್ನು ಇಳಿಸಿ, ಗಂಟು ಸರಿಮಾಡಿ, ಮತ್ತೆ ಏರಿಸಿದರು. ಮಿಠಾಯಿ ಹಂಚಿದರು. ಎಲ್ಲರೂ ಮರೆತರು. ಸಂಜೆ ಪಿ.ಟಿ. ಸರ್ ನನ್ನೊಬ್ಬನನ್ನೇ ಧ್ವಜಕಟ್ಟೆಯ ಹತ್ತಿರ ಕರೆದರು. ಬೈಯಲಿಲ್ಲ. ಒಂದು ಹಗ್ಗ ಕೊಟ್ಟು, ಕತ್ತಲಾಗುವ ತನಕ ಜಾರುಗಂಟು ಹಾಕಿಸಿದರು, ಬಿಚ್ಚಿಸಿದರು. ಕಡೆಗೆ ಒಂದೇ ಮಾತು: "ಗಂಟು ಯಾರರ ಕಟ್ಟಲಿ ತಮ್ಮಾ, ಕಟ್ಟಿಸಿದಾಂವ ನೀನು. ಬೋರ್ಡಿನ ಮ್ಯಾಲ ಹೆಸರು ನಿಂದ ಐತಿ."

ಆ ಹುಡುಗ ಮತ್ತೆ ಸೇವಾದಳಕ್ಕೆ ಬರಲಿಲ್ಲ.

ಧಾರವಾಡದಿಂದ ಅಮೆರಿಕಕ್ಕೆ, ಮರಳಿ ಹುಬ್ಬಳ್ಳಿಗೆ

2024ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವ ನಡೆಯಿತು. ಆಗ ರಜೆಯಲ್ಲಿ ಊರಿಗೆ ಬಂದಿದ್ದ ನಾನು ಟಿಳಕವಾಡಿಯ ಕಾಂಗ್ರೆಸ್ ಬಾವಿ ನೋಡಲು ಹೋದೆ. ಅಲ್ಲಿಂದ ಬಂದ ಮೇಲೆ ಹರ್ಡೀಕರರ ಬಗ್ಗೆ ಓದಲು ಶುರುಮಾಡಿದೆ. ಓದುತ್ತ ಹೋದ ಹಾಗೆ, ನಮ್ಮ ಮೈದಾನದ ಕವಾಯತಿನ ಹಿಂದೆ ಇಷ್ಟು ದೊಡ್ಡ ಕಥೆ ಇತ್ತೇ ಎಂದು ಆಶ್ಚರ್ಯವಾಯಿತು.

ಹರ್ಡೀಕರ್ ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ಹುಡುಗನಾಗಿದ್ದಾಗಲೇ ಲೋಕಮಾನ್ಯ ಟಿಳಕರ ಪ್ರಭಾವಕ್ಕೆ ಒಳಗಾದವರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಮುಂದೆ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. ಮೊದಲನೇ ಮಹಾಯುದ್ಧದ ಆ ವರ್ಷಗಳಲ್ಲಿ ಲಾಲಾ ಲಜಪತರಾಯ್ ಅಮೆರಿಕದಲ್ಲಿದ್ದರು. ನ್ಯೂಯಾರ್ಕಿನಲ್ಲಿ ಅವರು ಕಟ್ಟಿದ ಇಂಡಿಯಾ ಹೋಮ್ ರೂಲ್ ಲೀಗ್‌ನಲ್ಲಿ ಯುವಕ ಹರ್ಡೀಕರ್ ಅವರ ಬಲಗೈಯಂತೆ ದುಡಿದರು. ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವವರು ಲಜಪತರಾಯ್. ಸಂಘಟನೆಯ ಓಡಾಟ, ಬರಹದ ಕೆಲಸ ಹರ್ಡೀಕರರದು. ಇಂದು ನಾನು ಕೆಲಸ ಮಾಡುವ ಕ್ಷೇತ್ರದ ಭಾಷೆಯಲ್ಲಿ ಹೇಳುವುದಾದರೆ, ಅವರು ಪರದೆಯ ಮೇಲೆ ಕಾಣದ ಹಿಂಬದಿಯ ಕೆಲಸ ನೋಡಿಕೊಂಡವರು. ಒಬ್ಬ ದೊಡ್ಡ ನಾಯಕನ ಹತ್ತಿರ ಇದ್ದು ಅವರು ಕಲಿತ ಮೊದಲ ಪಾಠ ಅದೇ ಇರಬೇಕು ಎಂದು ನನಗೆ ಅನಿಸುತ್ತದೆ.

1921ರಲ್ಲಿ ಅವರು ಭಾರತಕ್ಕೆ ಮರಳಿದರು. ಅಮೆರಿಕದಲ್ಲಿ ಓದಿ ಬಂದ ಡಾಕ್ಟರರಿಗೆ ಆ ಕಾಲದಲ್ಲಿ ಮುಂಬಯಿಯಲ್ಲೋ ಪುಣೆಯಲ್ಲೋ ದೊಡ್ಡ ದವಾಖಾನೆ ಹಾಕಿಕೊಂಡು ಕೂರುವುದು ಕಷ್ಟವಿರಲಿಲ್ಲ. ಅವರು ಹುಬ್ಬಳ್ಳಿಗೆ ಬಂದು ಸೇವಾ ಮಂಡಳ ಕಟ್ಟಿದರು. ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರನ್ನು ಸೇರಿಸಿ ವ್ಯಾಯಾಮ, ಕವಾಯತು, ಖಾದಿ, ಊರಿನ ಸೇವೆ ಎಂದು ತರಬೇತಿ ಕೊಡತೊಡಗಿದರು.

ನಾಗಪುರದ ಪರೀಕ್ಷೆ

ಈ ಹುಡುಗರಿಗೆ ಪರೀಕ್ಷೆ ಬೇಗನೇ ಬಂತು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಚರಕದ ಚಿತ್ರವಿದ್ದ ಅಂದಿನ ಸ್ವರಾಜ್ಯ ಧ್ವಜವನ್ನು ಹಿಡಿದು ಸಿವಿಲ್ ಲೈನ್ಸ್ ಪ್ರದೇಶಕ್ಕೆ ಮೆರವಣಿಗೆ ಹೋಗಬಾರದೆಂದು ಸರ್ಕಾರ ತಡೆದಿತ್ತು. ಆ ತಡೆಯನ್ನು ಮುರಿಯಲು ದೇಶದ ಬೇರೆ ಬೇರೆ ಕಡೆಗಳಿಂದ ಸ್ವಯಂಸೇವಕರ ತಂಡಗಳು ಹೊರಟವು. ಮೊದಲು ಜಮನಾಲಾಲ್ ಬಜಾಜರು, ಅವರು ಬಂಧನಕ್ಕೆ ಒಳಗಾದ ಮೇಲೆ ವಲ್ಲಭಭಾಯಿ ಪಟೇಲರು ಇದರ ಮುಂದಾಳತ್ವ ವಹಿಸಿದರು. ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು.

ಮೆರವಣಿಗೆಯಲ್ಲಿ ಜೈಕಾರ ಹಾಕುವುದು ಸುಲಭ, ಜೈಲಿನ ಒಳಗೆ ದಿನ ನೂಕುವುದು ಕಷ್ಟ. ಕಲ್ಲು ಒಡೆಯುವ ಕೆಲಸ, ಕೆಟ್ಟ ಊಟ, ಅವಮಾನ. ಉತ್ಸಾಹದಿಂದ ಒಳಗೆ ಹೋದವರಲ್ಲಿ ಎಷ್ಟೋ ಮಂದಿ ಇದನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಅವರನ್ನು ಹೀಯಾಳಿಸುವ ಹಕ್ಕು ನಮಗಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಎರಡನೇ ದಿನವೇ ಬರೆದುಕೊಡುತ್ತಿದ್ದೆನೋ ಏನೋ. ಆದರೆ ಹುಬ್ಬಳ್ಳಿ ಸೇವಾ ಮಂಡಳದವರು ಬರೆದುಕೊಡಲಿಲ್ಲ. ಹರ್ಡೀಕರರೂ ಅವರ ಹುಡುಗರೂ ಶಿಕ್ಷೆಯನ್ನು ಪೂರ್ತಿ ಅನುಭವಿಸಿದರು. ಕನ್ನಡ ನಾಡಿನ ಈ ತಂಡದ ಹೆಸರು ದೇಶದ ನಾಯಕರ ಕಿವಿಗೆ ಬಿದ್ದದ್ದು ಹೀಗೆ.

ಇವರು ಬೇರೆಯವರಿಗಿಂತ ಹೆಚ್ಚು ದೇಶಭಕ್ತರೇನೂ ಆಗಿರಲಿಲ್ಲ. ಅವರಿಗೆ ಮೊದಲೇ ಅಭ್ಯಾಸವಿತ್ತು, ಅಷ್ಟೇ. ಬೆಳಿಗ್ಗೆ ಬೇಗ ಏಳುವುದು, ಸಾಲಿನಲ್ಲಿ ನಿಲ್ಲುವುದು, ಸಿಕ್ಕಿದ್ದನ್ನು ಉಣ್ಣುವುದು, ಪಕ್ಕದವನನ್ನು ಬಿಟ್ಟು ಹೋಗದಿರುವುದು ಅವರ ಮೈಗೆ ಹತ್ತಿತ್ತು. ಧೈರ್ಯವೂ ಈಜಿನ ಹಾಗೆ ಕಲಿತು ಬರುವ ವಿದ್ಯೆ ಎಂದು ಹರ್ಡೀಕರರು ಕಂಡುಕೊಂಡರು. ಜೈಲಿನಿಂದ ಹೊರಗೆ ಬಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ವಿಚಾರ: ಇಂಥ ತರಬೇತಿ ದೇಶದ ಎಲ್ಲ ಯುವಕರಿಗೂ ಸಿಗಬೇಕು.

ಕಾಕಿನಾಡದಲ್ಲಿ ಎದ್ದ ಪ್ರಶ್ನೆ

1923ರ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಮೌಲಾನಾ ಮಹಮ್ಮದ್ ಅಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದರ ಜೊತೆಗೇ ಸ್ವಯಂಸೇವಕರ ಸಮ್ಮೇಳನವೂ ನಡೆದು, ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಆ ಸಮ್ಮೇಳನದ ಅಧ್ಯಕ್ಷರು ಆಗಿನ್ನೂ ಮೂವತ್ತನಾಲ್ಕು ವರ್ಷದ ಜವಾಹರಲಾಲ್ ನೆಹರೂ. ಕೆಲಸದ ಹೊಣೆ ಹರ್ಡೀಕರರದು. ಇಬ್ಬರೂ ಹುಟ್ಟಿದ್ದು 1889ರಲ್ಲೇ.

ಸೇವಾದಳವನ್ನು ಎಲ್ಲರೂ ಹೂಮಾಲೆ ಹಾಕಿ ಸ್ವಾಗತಿಸಲಿಲ್ಲ. ಇದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಆದರೆ ನೆಹರೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾಂಗ್ರೆಸ್ಸಿನೊಳಗೆ ಸೈನ್ಯದ ರೀತಿ ತರುವುದು ಅಪಾಯ ಎಂದು ಕೆಲವು ಹಿರಿಯರು ಅಂಜಿದರು. ಕವಾಯತು ಮಾಡುವ ಸ್ವಯಂಸೇವಕನಿಗೂ ಅಹಿಂಸೆಗೂ ಹೊಂದುವುದಿಲ್ಲ ಎಂದು ಇನ್ನು ಕೆಲವರು ವಾದಿಸಿದರು. ಮೇಲಿನಿಂದ ಬಂದ ಅಪ್ಪಣೆಯನ್ನು ಪಾಲಿಸಿದರೆ ಸಾಕು, ಬೇರೆ ಶಿಸ್ತು ಯಾಕೆ ಎಂದವರೂ ಇದ್ದರು.

ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅದೇ ಕಾಲದಲ್ಲಿ ಯುರೋಪಿನಲ್ಲಿ ಸಮವಸ್ತ್ರ ತೊಟ್ಟ ಯುವಕರ ದಳಗಳು ಬೆಳೆಯುತ್ತಿದ್ದವು. ಇಟಲಿಯಲ್ಲಿ ಮುಸೊಲಿನಿಯ ಕಪ್ಪು ಅಂಗಿಯವರು 1922ರಲ್ಲೇ ಅಧಿಕಾರ ಹಿಡಿದಿದ್ದರು. ಆಮೇಲೆ ಜರ್ಮನಿಯಲ್ಲಿ ಏನಾಯಿತೆಂದು ಜಗತ್ತಿಗೇ ಗೊತ್ತು. ಅಲ್ಲಿಯ ಹುಡುಗರೂ ಸಾಲಾಗಿ ನಿಂತರು, ಆಜ್ಞೆ ಪಾಲಿಸಿದರು, ಒಬ್ಬ ನಾಯಕನನ್ನು ನಂಬಿದರು. ಯುವಕರಿಗೆ ಶಿಸ್ತು ಕಲಿಸಿದ ಮಾತ್ರಕ್ಕೆ ಒಳ್ಳೆಯ ನಾಯಕರು ಹುಟ್ಟುವುದಿಲ್ಲ. ಯಾವ ಕೆಲಸಕ್ಕಾಗಿ ಶಿಸ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹರ್ಡೀಕರರು ಇದಕ್ಕೆ ಉತ್ತರವನ್ನು ವಾದದಲ್ಲಿ ಹುಡುಕಲಿಲ್ಲ, ಕೆಲಸದಲ್ಲಿ ತೋರಿಸಿದರು. ತರಬೇತಿ ಪಡೆದ ಸ್ವಯಂಸೇವಕ ಹೆಚ್ಚು ದಕ್ಷನೂ ಆಗಬಲ್ಲ, ಹೆಚ್ಚು ಶಾಂತನೂ ಆಗಬಲ್ಲ ಎಂಬುದನ್ನು ವರ್ಷಗಟ್ಟಲೆ ತಾಳ್ಮೆಯಿಂದ ದುಡಿದು ಮನಗಾಣಿಸಿದರು. ಅವರ ದಳದ ಕವಾಯತಿನ ಕೊನೆಯಲ್ಲಿ ಕೈಗೆ ಬರುತ್ತಿದ್ದದ್ದು ಬಂದೂಕಲ್ಲ. ಏನು ಬರುತ್ತಿತ್ತು ಎಂಬುದು ಮರುವರ್ಷ ಬೆಳಗಾವಿಯಲ್ಲಿ ಕಂಡಿತು.

ಬೆಳಗಾವಿ, 1924

1924ರ ಡಿಸೆಂಬರ್ 26 ಮತ್ತು 27. ಮಹಾತ್ಮ ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ. ಸ್ವಾಗತ ಸಮಿತಿಯ ಮುಂದಾಳು 'ಕರ್ನಾಟಕದ ಸಿಂಹ' ಎಂದು ಹೆಸರಾದ ಗಂಗಾಧರರಾವ್ ದೇಶಪಾಂಡೆ. ಟಿಳಕವಾಡಿಯ ಬಯಲಿನಲ್ಲಿ ಖಾದಿ ಡೇರೆಗಳ ಒಂದು ಊರೇ ಎದ್ದಿತು. ಅದಕ್ಕೆ 'ವಿಜಯನಗರ' ಎಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ 'ಪಂಪಾ ಸರೋವರ' ಎಂಬ ಹೆಸರು. ನಾನು ನೋಡಲು ಹೋದ ಕಾಂಗ್ರೆಸ್ ಬಾವಿ ಅದೇ.

ಸಾವಿರಾರು ಜನ ಬಂದು ಉಳಿಯುವ ಕಡೆ ನಾಯಕರ ಭಾಷಣಕ್ಕಿಂತ ಮೊದಲು ಬೇಕಾಗುವುದು ನೀರು, ಊಟ, ಬೆಳಕು, ಶೌಚ, ದಾರಿ ತೋರಿಸುವವರು, ಕಾಯಿಲೆ ಬಿದ್ದರೆ ನೋಡುವವರು. ನಮ್ಮ ಊರ ಜಾತ್ರೆಯಲ್ಲಿ ದುಡಿದವರಿಗೆ ಇದು ಗೊತ್ತು. ಈ ಎಲ್ಲದಕ್ಕೆ ಸ್ವಯಂಸೇವಕರನ್ನು ಸಿದ್ಧಗೊಳಿಸುವ ಭಾರ ಹರ್ಡೀಕರರ ಮೇಲೆ ಬಿತ್ತು. ಸಾರ್ವಜನಿಕ ಆರೋಗ್ಯ ಓದಿ ಬಂದ ಡಾಕ್ಟರರಿಗೆ ಚರಂಡಿ ಮತ್ತು ಕುಡಿಯುವ ನೀರು ಎಷ್ಟು ದೊಡ್ಡ ವಿಷಯ ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ.

ಅಂದಿನ ಸಮಾಜವನ್ನು ನಾವು ನೆನಪಿಡಬೇಕು. ಆ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡನ್ನು ಹಾಡಲಾಯಿತು. ಗಾಂಧೀಜಿಯವರ ಮುಂದೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಮುಂದೆ ಜಗತ್ಪ್ರಸಿದ್ಧ ಗಾಯಕಿಯಾದ ಮೇಲೂ ಅವರು ಆ ದಿನವನ್ನು ನೆನೆಯುತ್ತ, ತಮ್ಮ ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ಏನಾಗುತ್ತದೋ ಎಂಬ ಅಳುಕು ತಮಗಿತ್ತೆಂದು ಹೇಳಿಕೊಂಡಿದ್ದರು. ಗಾಂಧೀಜಿಯ ಮುಂದೆ ಹಾಡಲು ನಿಂತ ಮಗುವಿನ ಮನಸ್ಸಿನಲ್ಲೂ ಅಂಥ ಅಂಜಿಕೆ ಇದ್ದ ಕಾಲ ಅದು. ಶೌಚದ ಜಾಗ ತೊಳೆಯುವುದು, ಕಸ ಹೊರುವುದು ಇಂಥ ಜಾತಿಯವರ ಕೆಲಸ ಎಂದು ಹುಟ್ಟಿದಾಗಲೇ ಬರೆದಿಟ್ಟಿದ್ದ ಕಾಲ.

ಅಂಥ ಕಾಲದಲ್ಲಿ, ಓದಿದ ಮನೆತನದ, ಮೇಲ್ಜಾತಿಯ ಹುಡುಗರು ಸಲಿಕೆ, ಬುಟ್ಟಿ, ಕಸಬರಿಗೆ ಹಿಡಿದು ನೈರ್ಮಲ್ಯದ ಕೆಲಸಕ್ಕೆ ಇಳಿದರು. ಹರ್ಡೀಕರರ ಕವಾಯತಿನ ಕೊನೆಯಲ್ಲಿ ಕೈಗೆ ಬಂದದ್ದು ಇದು. ಅಧ್ಯಕ್ಷರಾದ ಗಾಂಧೀಜಿಯೂ ಅದೇ ದಾರಿಯವರು. ತಮಗಾಗಿ ಕಟ್ಟಿದ್ದ ಖಾದಿಯ ಕುಟೀರ ಅಗತ್ಯಕ್ಕಿಂತ ಹೆಚ್ಚು ಅಂದವಾಗಿದೆ ಎಂದು ಅದನ್ನು ಅರಮನೆ ಎಂದು ಕರೆದು ಆಕ್ಷೇಪಿಸಿದರು. ಪ್ರತಿನಿಧಿಗಳ ಶುಲ್ಕ ಹತ್ತು ರೂಪಾಯಿ ಇದ್ದದ್ದು ಒಂದು ರೂಪಾಯಿಗೆ ಇಳಿಯಬೇಕೆಂದರು. ದೊಡ್ಡ ಕುರ್ಚಿಯಲ್ಲಿ ಕುಳಿತವರು ಬಡವನಿಗೆ ಬಾಗಿಲು ತೆರೆಯುವುದನ್ನೂ, ಡಾಕ್ಟರೊಬ್ಬರ ಮಾತಿಗೆ ಕಾಲೇಜು ಹುಡುಗರು ಮಲ ಹೊರುವುದನ್ನೂ ಒಂದೇ ಬಯಲಿನಲ್ಲಿ ನೋಡಿದ ಯುವಕರಿಗೆ ನಾಯಕತ್ವದ ಬಗ್ಗೆ ಬೇರೆ ಉಪನ್ಯಾಸ ಬೇಕಾಗಿತ್ತೇ?

ಉಮಾಬಾಯಿಯವರು ಕರೆತಂದ ಹೆಣ್ಣುಮಕ್ಕಳು

ಬೆಳಗಾವಿಯ ಇನ್ನೊಂದು ಅಧ್ಯಾಯವನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳು ತಪ್ಪದೇ ತಿಳಿಯಬೇಕು. ಉಮಾಬಾಯಿ ಕುಂದಾಪುರ ಮಂಗಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಮದುವೆಯಾಯಿತು. ಮಾವ ಆನಂದರಾಯರು ಸೊಸೆಯನ್ನು ಓದಿಸಿದರು. ಮೂವತ್ತರ ಆಸುಪಾಸಿನಲ್ಲಿ ಪತಿ ಕ್ಷಯದಿಂದ ತೀರಿಕೊಂಡಾಗ ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಹುಬ್ಬಳ್ಳಿಗೆ ಬಂದ ಉಮಾಬಾಯಿಯವರು ತಿಲಕ ಕನ್ಯಾ ಶಾಲೆಯ ಹೊಣೆ ಹೊತ್ತರು, ಹರ್ಡೀಕರರ ಕೆಲಸದಲ್ಲಿ ಜೊತೆಯಾದರು.

ಬೆಳಗಾವಿ ಅಧಿವೇಶನಕ್ಕೆ ಮಹಿಳಾ ಸ್ವಯಂಸೇವಕಿಯರು ಬೇಕಾದಾಗ ಅವರು ಊರೂರು ಸುತ್ತಿ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಕರೆತಂದರು. ಅವರಲ್ಲಿ ಅನೇಕರು ವಿಧವೆಯರು. ಶುಭಕಾರ್ಯಕ್ಕೆ ಎದುರು ಬರಬಾರದು ಎಂದು ಸಮಾಜ ಹಿಂದಕ್ಕೆ ತಳ್ಳಿದ್ದವರು. ಅಂಥವರು ಸಾವಿರಾರು ಜನರ ನಡುವೆ ನಿಂತು ಜವಾಬ್ದಾರಿ ನಿರ್ವಹಿಸಿದರು. ಇದೇ ಸೇವಾದಳದ ಮಹಿಳಾ ವಿಭಾಗದಲ್ಲಿ ದುಡಿದು ಬೆಳೆದ ಮತ್ತೊಬ್ಬರು ಕಮಲಾದೇವಿ ಚಟ್ಟೋಪಾಧ್ಯಾಯ. ಅವರೂ ಮಂಗಳೂರಿನಲ್ಲಿ, 1903ರಲ್ಲಿ ಹುಟ್ಟಿದವರು. ದೇಶದ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರು ಎಂದು ಇಂದು ಅವರನ್ನು ನೆನೆಯುತ್ತೇವೆ.

1932ರಲ್ಲಿ ಉಮಾಬಾಯಿಯವರು ಯರವಡಾ ಜೈಲು ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ತಾಮ್ರಪತ್ರ, ಪಿಂಚಣಿಗಳನ್ನು ಅವರು ಬೇಡವೆಂದರು. ಹುಬ್ಬಳ್ಳಿಯ ಒಂದು ಸಣ್ಣ ಮನೆಯಲ್ಲಿದ್ದು, 1992ರಲ್ಲಿ ತೀರಿಕೊಂಡರು. ಯಾವ ಕುರ್ಚಿಯೂ ಇಲ್ಲದೆ ನಾಯಕಿಯಾಗಿ ಬದುಕಬಹುದು ಎಂಬುದಕ್ಕೆ ನಮ್ಮ ಪಕ್ಕದ ಊರಿನಲ್ಲೇ ಸಾಕ್ಷಿ ಇತ್ತು.

ಕೊನೆಯ ಭಾನುವಾರದ ಧ್ವಜವಂದನೆ

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸೇವಾದಳ ದೇಶದ ಬೇರೆ ಬೇರೆ ಪ್ರಾಂತಗಳಿಗೆ ಹಬ್ಬಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಊರೂರಲ್ಲಿ ಧ್ವಜವಂದನೆ ಮಾಡುವ ಪದ್ಧತಿಯನ್ನು ಅದು ರೂಢಿಸಿತು. ಧ್ವಜ ಏರಿಸುವುದೇ ಅಪರಾಧವಾಗಿದ್ದ ದಿನಗಳಲ್ಲಿ ಅದು ಸಣ್ಣ ಕೆಲಸವಲ್ಲ. ನಾನು ಕವಾಯತಿನ ಗತ್ತಿಗಾಗಿ ಬೇರೆಯವನಿಗೆ ದಾಟಿಸಿದ ಧ್ವಜದ ಗಂಟನ್ನು, ಆ ಕಾಲದ ಹುಡುಗರು ಲಾಠಿ ಏಟಿನ ಭಯವಿದ್ದರೂ ಕಟ್ಟುತ್ತಿದ್ದರು.

1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಘಟನೆಯಾಗಿ ಮಾಡಿಕೊಂಡಿತು. 1932ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದರೂ ಸೇವಾದಳದ ಮೇಲಿನದನ್ನು ತೆಗೆಯಲಿಲ್ಲ. ಭಾಷಣಕ್ಕಿಂತ ತರಬೇತಾದ ಯುವಕರಿಗೆ ಸರ್ಕಾರ ಹೆಚ್ಚು ಹೆದರಿತ್ತು ಎಂದು ಇದರಿಂದಲೇ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಆದರೆ ಅವರ ಮನಸ್ಸು ಇದ್ದದ್ದು ಗೋಕಾಕ ತಾಲೂಕಿನ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದಲ್ಲಿ ಮತ್ತು ಮಕ್ಕಳ ಸೇವಾದಳದಲ್ಲಿ. ಯಾವ ಪಕ್ಷಕ್ಕೂ ಸೇರದೆ ಶಾಲೆಗಳಲ್ಲಿ ಕೆಲಸ ಮಾಡುವ ಭಾರತ ಸೇವಾದಳ ಹೀಗೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬಂತು. ಶಾಖಾ ನಾಯಕರ ತರಬೇತಿ, ಮಕ್ಕಳ ಭಾವೈಕ್ಯತಾ ಮೇಳ, ರಾಷ್ಟ್ರಧ್ವಜದ ತಿಳಿವಳಿಕೆ ಇವೆಲ್ಲ ಇಂದಿಗೂ ನಡೆದಿವೆ. 1989ರಲ್ಲಿ ಅವರ ಜನ್ಮಶತಮಾನೋತ್ಸವಕ್ಕೆ ಅಂಚೆ ಇಲಾಖೆ ಚೀಟಿ ಹೊರಡಿಸಿತು. ಕಾಕಿನಾಡದಿಂದ ನಮ್ಮ ಶಾಲೆಯ ಮೈದಾನದ ತನಕ ಬಂದ ಈ ದಾರಿಯಲ್ಲಿ ನಮ್ಮ ಪಿ.ಟಿ. ಸರ್ ಕೂಡ ಒಬ್ಬ ಪಯಣಿಗರು ಎಂಬುದು ನನಗೆ ಈಗ ಕಾಣುತ್ತಿದೆ.

ಮತ್ತೆ ಅದೇ ಬೆರಳು

ಇಷ್ಟೆಲ್ಲ ಯಾಕೆ ಓದಿದೆ ಎಂಬುದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಆರು ಜನರ ತಂಡಕ್ಕೆ ಮುಖ್ಯಸ್ಥನಾದೆ. ಒಂದು ರಾತ್ರಿ ಹೊಸ ಆವೃತ್ತಿ ಬಿಡುಗಡೆ ಮಾಡುವಾಗ ಗ್ರಾಹಕರ ಸರ್ವರ್ ನಿಂತುಹೋಯಿತು. ತಪ್ಪಿದ್ದ ಕೋಡ್ ಬರೆದವನು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗ. ಅದನ್ನು ಪರಿಶೀಲಿಸಿ ಸರಿ ಇದೆ ಎಂದು ಒಪ್ಪಿಗೆ ಕೊಟ್ಟವನು ನಾನು. ಅವಸರದಲ್ಲಿ ಪೂರ್ತಿ ಓದಿರಲಿಲ್ಲ. ಹಿರಿಯ ಅಧಿಕಾರಿಗಳೆಲ್ಲ ಕರೆಯಲ್ಲಿದ್ದರು. ಹೇಗಾಯಿತು ಎಂದು ಒಬ್ಬರು ಕೇಳಿದರು. ನಾನು ಆ ಹುಡುಗನ ಹೆಸರು ಹೇಳಿದೆ.

ಅವನು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಹೋದ. ಆ ರಾತ್ರಿ ನಿದ್ದೆ ಬರಲಿಲ್ಲ. ಹದಿನೈದು ವರ್ಷ ಕಳೆದಿತ್ತು, ಬಿ.ಇ. ಮುಗಿದಿತ್ತು, ಸಂಬಳ ಬಂದಿತ್ತು, ನಾಯಕತ್ವದ ಬಗ್ಗೆ ಕಂಪನಿಯವರು ಎರಡು ದಿನದ ಕಾರ್ಯಾಗಾರವನ್ನೂ ಕೊಡಿಸಿದ್ದರು. ಆದರೂ ಧ್ವಜಕಟ್ಟೆಯ ಹತ್ತಿರ ಎತ್ತಿದ ಬೆರಳು ಇನ್ನೂ ಎತ್ತಿಯೇ ಇತ್ತು.

ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ತಂಡದಲ್ಲಿ ಏನಾದರೂ ತಪ್ಪಾದರೆ ವರದಿಯ ಮೊದಲ ಸಾಲಿನಲ್ಲಿ ನಾನು ಏನು ನೋಡಬೇಕಿತ್ತು, ಏನು ನೋಡಲಿಲ್ಲ ಎಂದು ಬರೆಯುತ್ತೇನೆ. ಯಾರೂ ಮಾಡಲು ಇಷ್ಟಪಡದ ರಾತ್ರಿ ಪಾಳಿಯ ಮೊದಲ ಸರದಿ ನನ್ನದೇ. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಸಣ್ಣದಾದರೂ ಪೂರ್ತಿ ಅವರದೇ ಆದ ಒಂದು ಕೆಲಸ ಕೊಡುತ್ತೇನೆ, ಕೊಡುವ ಮೊದಲು ಸರ್ ನನಗೆ ತೋರಿಸಿದ ಹಾಗೆ ಮೂರು ಸಲ ತೋರಿಸುತ್ತೇನೆ. ಇದೆಲ್ಲ ದೊಡ್ಡ ಸಾಧನೆ ಎಂದು ಹೇಳುತ್ತಿಲ್ಲ. ಹತ್ತನೇ ತರಗತಿಯಲ್ಲೇ ಕಲಿಯಬೇಕಾಗಿದ್ದನ್ನು ಮೂವತ್ತು ದಾಟಿದ ಮೇಲೆ ಕಲಿಯುತ್ತಿದ್ದೇನೆ.

ಈಗಿನ ವಿದ್ಯಾರ್ಥಿಗಳಿಗೆ

ಪ್ರೀತಿಯ ತಮ್ಮ ತಂಗಿಯರೇ, ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮುಖ್ಯಮಂತ್ರಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ ಎಂದು ನಿಮ್ಮನ್ನು ಆರಿಸುತ್ತಾರೆ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದೇ ನಾಯಕನ ಕೆಲಸ ಎಂದು ನಮ್ಮ ಕಾಲದಲ್ಲಿ ತಿಳಿದಿದ್ದೆವು. ನೀವು ಹಾಗೆ ತಿಳಿಯಬೇಡಿ. ಸ್ವಚ್ಛತಾ ಮಂತ್ರಿಯಾದವರು ವಾರಕ್ಕೊಮ್ಮೆಯಾದರೂ ತಾವೇ ಕಸಬರಿಗೆ ಹಿಡಿಯಿರಿ. ಆಹಾರ ಮಂತ್ರಿಯಾದವರು ಬಿಸಿಯೂಟದಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಉಣ್ಣಿರಿ. ಯಾರಾದರೂ ಒಂಟಿಯಾಗಿ, ಗಂಗೂಬಾಯಿಯವರಂತೆ ಅಳುಕುತ್ತ ಕುಳಿತಿದ್ದರೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಒಳ್ಳೆಯದಾದಾಗ ಜೊತೆಯವರ ಹೆಸರು ಹೇಳಿ, ಕೆಟ್ಟದ್ದಾದಾಗ ನಿಮ್ಮ ಹೆಸರು ಹೇಳಿ.

ಗುರುಗಳಲ್ಲಿ ಒಂದು ವಿನಂತಿ. ಮಕ್ಕಳಿಗೆ ನಿಜವಾದ ಜವಾಬ್ದಾರಿ ಕೊಡಿ. ತಪ್ಪಿದರೆ ಎಲ್ಲರ ಮುಂದೆ ಬೈಯದೆ, ಸಂಜೆ ಒಂದು ಹಗ್ಗ ಕೊಟ್ಟು ಮತ್ತೆ ಕಲಿಸಿ. ನನಗೆ ಹಾಗೆ ಕಲಿಸಿದ ಪಿ.ಟಿ. ಸರ್ ಅವರಿಗೆ ಈ ಮೂಲಕ ನಮಸ್ಕಾರ ತಿಳಿಸುತ್ತೇನೆ.

ಇನ್ನೊಬ್ಬರಿಗೆ ಹೇಳುವುದು ಬಾಕಿ ಇದೆ. ಆ ಆಗಸ್ಟ್ 15ರಂದು ಎಂಟನೇ ತರಗತಿಯಲ್ಲಿದ್ದ ತಮ್ಮಾ, ಈ ಸಂಚಿಕೆ ನಿನ್ನ ಕೈಗೂ ಸೇರುತ್ತದೆ ಎಂದು ನಂಬಿದ್ದೇನೆ. ಆ ಗಂಟು ನನ್ನದು. ಸುವರ್ಣ ಮಹೋತ್ಸವದ ದಿನ ಧ್ವಜಾರೋಹಣಕ್ಕೆ ಮೊದಲು, ಬೆಳಿಗ್ಗೆ ಏಳಕ್ಕೆ ನಾನು ಧ್ವಜಕಟ್ಟೆಯ ಹತ್ತಿರ ಇರುತ್ತೇನೆ. ನೀನೂ ಬಾ. ಈ ಸಲ ಇಬ್ಬರೂ ಸೇರಿ ಕಟ್ಟೋಣ.

— 2004-05ನೇ ಸಾಲಿನ ಹತ್ತನೇ ತರಗತಿಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್